ಕಡೀ ನುಡಿ

"ನಾಯಿ ಎರಡ ಸಲ ಬೊಗಳಿದ್ರ ಅದು ಕಾಮಣ್ಣ ಕಾಕಾನ ಮೂಲ ಪ್ರತಿ. ಒಂದ ಸಲ ಬೊಗಳಿದ್ರ ನಕಲಿ." ತೇರದಾಳದ ಪಾಯಪ್ಪನ ದನಿ ಫೋನಿನಿಂದ ಹೀಗೆ ಹೇಳುತ್ತಿದ್ದಾಗ ಕಾಮಣ್ಣ ಜಮಖಂಡಿಯ ತನ್ನ ಅಂಗಡಿಯಲ್ಲಿ ಗಿರಾಕಿಯೊಬ್ಬನ ಮೊಬೈಲಿಗೆ ಗಾಜು ಅಂಟಿಸುತ್ತಿದ್ದ. ಗಾಜಿನಡಿ ಸಿಕ್ಕ ಗಾಳಿಯನ್ನು ಬೆರಳಿನಿಂದ ಅಂಚಿಗೆ ನೂಕುತ್ತಲೇ ಒಳಗೊಳಗೆ ಹಿಗ್ಗಿದ. ಪಾಯಪ್ಪ ಹೇಳಿದ್ದು ಸುಳ್ಳಲ್ಲ. ಹಿಂದೆ ಬೇರೆ ಅಂಗಡಿಯವರು ಇವನ ಕ್ಯಾಸೆಟ್ ಕದ್ದು ನಕಲು ಮಾಡುವಾಗ ಅವಸರದಲ್ಲಿ ಮೊದಲ ಅರ್ಧ ನಿಮಿಷ ಬಿಟ್ಟುಬಿಡುತ್ತಿದ್ದರು. ಮೊದಲನೆಯ ಬೊಗಳು ಆ ಅರ್ಧ ನಿಮಿಷದೊಳಗೇ ಇತ್ತು.

'ಹಳೇ ಕ್ಯಾಸೆಟ್ ಬಳಗ' ಎಂಬ ಆ ವಾಟ್ಸ್ಯಾಪ್ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಬೆಲ್ಲದ ವ್ಯಾಪಾರಿಗಳು, ಮಗ್ಗದವರು, ಬಸ್ ಕಂಡಕ್ಟರರು, ಪಿಂಚಣಿ ಮಾಸ್ತರರು. ಎಲ್ಲರಿಗೂ ಗೀಗೀ ಪದದ ಹುಚ್ಚು. ಯಾವ ರೆಕಾರ್ಡಿಂಗು ಯಾವ ಊರಿನದು, ಯಾವ ಪ್ರತಿ ಅಸಲಿ, ಹಿಂದೆ ಕೆಮ್ಮಿದವನು ಯಾರು ಎಂದು ದಿನವೂ ವಾದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಅವರ ಹೆಂಡಂದಿರು ಬೈದರೂ ಬಿಡುವವರಲ್ಲ. ವಾದ ಬಗೆಹರಿಯದಿದ್ದರೆ ಕಡೆಗೆ ಬರುವುದು ಕಾಮಣ್ಣನ ಕಟ್ಟೆಗೇ. ತೊಂಬತ್ತರ ದಶಕದಲ್ಲಿ ಟೇಪ್‌ರೆಕಾರ್ಡರ್ ಹೊತ್ತು ಊರೂರು ತಿರುಗಿ ಮೇಳಗಳ ಹಾಡು ಹಿಡಿದು, ಕ್ಯಾಸೆಟ್ ಮಾಡಿ ಮಾರಿದವನು ಅವನು. ಗುಂಪಿಗೆ ಒಂದೇ ಒಂದು ನಿಯಮ ಇತ್ತು, ಅದೂ ಅವನೇ ಮಾಡಿದ್ದು. ಬಾಯಿಮಾತು ನಡೆಯುವುದಿಲ್ಲ, ಟೇಪಿನಲ್ಲಿ ಇದ್ದದ್ದೇ ಖರೆ. ನಮ್ಮಪ್ಪ ಹಾಡಿದ್ದು, ನಮ್ಮಜ್ಜಿ ಹಾಡಿದ್ದು ಎಂದು ಸುಳ್ಳು ಹೇಳಿಕೊಂಡು ಬರುವವರ ಕಾಟ ತಪ್ಪಿಸಲು ಮಾಡಿದ ನಿಯಮ. ಪದದ ಕಡೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಊರು, ದೇವರು, ಕಟ್ಟಿದವರ ಹೆಸರು ಬಂದೇ ಬರುತ್ತದೆ. ಅದನ್ನು ಕೇಳಿಸಿದವರ ಮಾತಿಗಷ್ಟೇ ಬೆಲೆ.

ಈಗ ಪಾಯಪ್ಪ ಆ ನಾಯಿ ಬೊಗಳುವ ಹಳೆಯ ಪದವನ್ನು ಕಂಪ್ಯೂಟರಿನಲ್ಲಿ ಸ್ವಚ್ಛ ಮಾಡಿಸಿ, ಹೆಸರುಗಳ ಸಮೇತ ಯೂಟ್ಯೂಬಿಗೆ ಬಿಡುವ ತಯಾರಿಯಲ್ಲಿದ್ದ. ಸಾವಳಗಿಯ ಗಿರಿಮಲ್ಲಪ್ಪನ ಮೇಳದ ಪದ. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂಬ ಸವಾಲಿಗೆ ಒಬ್ಬ ಹೆಣ್ಣುಮಗಳು ಕೊಟ್ಟ ಜವಾಬು. ಆ ದನಿ ಕೇಳಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಯಾರೋ ಅದಕ್ಕೆ ಬೀಳಗಿ ಕಡೆಯ ಬೇರೊಬ್ಬ ಗಾಯಕಿಯ ಹೆಸರು ಹಾಕಿ ಈಗಾಗಲೇ ಹರಿಬಿಟ್ಟಿದ್ದರು. ಹಾಗಾದರೆ ಹಾಡಿದವಳು ಯಾರು ಎಂದು ಬಳಗದಲ್ಲಿ ಎಂಟು ದಿನದಿಂದ ಗದ್ದಲ ನಡೆದಿತ್ತು. ಕಾಮಣ್ಣ ಮಾತ್ರ ಅದಕ್ಕೆ ತಲೆ ಹಾಕಿರಲಿಲ್ಲ.

ಅಂದು ಮಧ್ಯಾಹ್ನ ಒಂದು ಹೊಸ ನಂಬರಿನಿಂದ ಧ್ವನಿಸಂದೇಶ ಬಂತು. ಹೆಸರು ವೈಶಾಲಿ, ಬನಹಟ್ಟಿಯಲ್ಲಿ ಜಂಪರ್ ಹೊಲಿಯುವವಳು. ಆ ಪದ ಹಾಡಿದವಳು ತನ್ನ ತಾಯಿ ಸುಂದರವ್ವ ಎಂದಳು. ತಾಯಿಗೆ ಗಂಟಲಲ್ಲಿ ಗಡ್ಡೆಯಾಗಿ ದನಿಯ ಪೆಟ್ಟಿಗೆಯನ್ನೇ ತೆಗೆದಿದ್ದಾರೆ, ಇನ್ನು ಔಷಧ ಬೇಡ ಎಂದು ಡಾಕ್ಟರರು ಮನೆಗೆ ಕಳಿಸಿದ್ದಾರೆ, ತಾನು ಆರೈಕೆಗೆ ಸಾವಳಗಿಗೆ ಬಂದಿದ್ದೇನೆ ಎಂದಳು. ಕೊನೆಗೆ ಒಂದು ಮಾತು ಕೇಳಿಕೊಂಡಳು.

"ಅವತ್ತ ಕಡೀ ನುಡಿಯೊಳಗ ನಮ್ಮವ್ವ ತನ್ನ ಹೆಸರ ಹಚ್ಚಿ ಹಾಡಿದ್ಲಂತರಿ. ಜಲ್ಮದಾಗ ಅದೊಂದ ಸಲ. ಆ ನುಡಿ ಯಾರ ಹಂತ್ಯಾಕರೆ ಇದ್ರ ಕಳಸ್ರಿ. ಆಕಿ ಒಮ್ಮೆ ಕೇಳಬೇಕಂತಾಳ."

ಪಾಯಪ್ಪ ಕೂಡಲೇ ಕಾಮಣ್ಣನನ್ನು ಕೇಳಿದ. ಕಾಮಣ್ಣ ಮೂವತ್ತೆರಡು ವರ್ಷದಿಂದ ಹೇಳುತ್ತ ಬಂದದ್ದನ್ನೇ ಮತ್ತೆ ಹೇಳಿದ. ಅವತ್ತು ಕಡೆಯ ನುಡಿಗೆ ಸರಿಯಾಗಿ ಟೇಪು ಮುಗಿದಿತ್ತು. ಹೇಳಿ ಫೋನು ಕೆಳಗಿಟ್ಟ. ಗಿರಾಕಿಯ ಮೊಬೈಲಿನ ಗಾಜಿನಡಿ ಒಂದು ಗುಳ್ಳೆ ಹಾಗೇ ಉಳಿದಿತ್ತು. ಎಷ್ಟು ಒತ್ತಿದರೂ ಹೋಗಲಿಲ್ಲ.

ಟೇಪು ಮುಗಿದಿರಲಿಲ್ಲ. ಸುಂದರವ್ವ ಮೂರನೆಯ ಇಯತ್ತೆ ಓದಿದವಳು. ಗಿರಿಮಲ್ಲಪ್ಪನ ಮೇಳದಲ್ಲಿ ಹನ್ನೊಂದು ವರ್ಷ ಹಾಡಿದಳು. ಪದ ಯಾರೇ ಕಟ್ಟಲಿ, ಕಡೆಯ ನುಡಿಯಲ್ಲಿ ಬರುವುದು ಗಿರಿಮಲ್ಲಪ್ಪನ ಹೆಸರೇ. ಮೇಳ ಅವನದು, ಡಪ್ಪು ಅವನದು, ಹೆಸರೂ ಅವನದು. ಆ ರಾತ್ರಿ ಎದುರು ಮೇಳದ ಸವಾಲಿಗೆ ಗಿರಿಮಲ್ಲಪ್ಪ ತಡವರಿಸಿದಾಗ ಅವಳೇ ನಿಂತು ಪದ ಕಟ್ಟಿ ಹಾಡಿದಳು. ಮುಗಿಸುವಾಗ ಎಲ್ಲಿಂದ ಧೈರ್ಯ ಬಂತೋ,

"ಸಾವಳಗಿ ಊರಾಗ ಬೀರದೇವರ ನೆಳ್ಳಾಗ
ಸುಂದರಿ ಕಟ್ಯಾಳ ಈ ಪದವ" ಎಂದುಬಿಟ್ಟಳು. ಹೆಸರು ಬರುತ್ತಲೇ ಗಂಡಸರು ಹೋ ಎಂದು ಕೂಗಿದರು. ಮೆಚ್ಚಿ ಕೂಗಿದವರು ಎಷ್ಟು ಮಂದಿ, ಹೀಯಾಳಿಸಿ ಕೂಗಿದವರು ಎಷ್ಟು ಮಂದಿ ಎಂದು ಹೇಳುವುದು ಕಷ್ಟ.

ಮರುದಿನ ಬೆಳಿಗ್ಗೆ ಗಿರಿಮಲ್ಲಪ್ಪ ಅಂಗಡಿಗೆ ಬಂದ. ಚಹಾ ಕುಡಿದ. ಕಡೆಯ ನುಡಿ ತೆಗೆದರೆ ತನ್ನ ಮೇಳದ ಹಾಡನ್ನು ಇನ್ನು ಕಾಮಣ್ಣನ ಹೊರತು ಬೇರಾರೂ ಹಿಡಿಯುವಂತಿಲ್ಲ ಎಂದ. ಆಗ ಕಾಮಣ್ಣನಿಗೆ ಮೂವತ್ತಾರು ವರ್ಷ, ಅಂಗಡಿ ಆಗಷ್ಟೇ ಕುದುರುತ್ತಿತ್ತು. ಗಿರಿಮಲ್ಲಪ್ಪ ಎದುರಿಗೇ ಕೂತಿರುವಾಗ ಕೆಂಪು ಗುಂಡಿ ಒತ್ತಿ ಆ ನುಡಿಯ ಮೇಲೆ ಬರೀ ನಿಶ್ಶಬ್ದ ರೆಕಾರ್ಡು ಮಾಡಿ ಅಳಿಸಿದ. ಎರಡು ನಿಮಿಷದ ಕೆಲಸ. ಹಾಡು ಕಾಯುವವನೆಂದು ಹೆಸರು ಪಡೆದವನದು ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಹೆಸರು ಹಚ್ಚಿದ ಸಿಟ್ಟಿಗೆ ಗಿರಿಮಲ್ಲಪ್ಪ ಮುಂದಿನ ವರ್ಷ ಸುಂದರವ್ವನನ್ನು ಮೇಳದಿಂದಲೂ ಬಿಡಿಸಿದ. ಆಮೇಲೆ ಅವಳು ಎಲ್ಲಿಯೂ ಹಾಡಲಿಲ್ಲ. ಗಿರಿಮಲ್ಲಪ್ಪ ಸತ್ತು ಈಗ ಹದಿನೈದು ವರ್ಷ.

ನಾಲ್ಕು ದಿನ ಕಳೆದ ಮೇಲೆ ಪಾಯಪ್ಪ ಕುಣಿದಾಡುತ್ತ ಸಂದೇಶ ಕಳಿಸಿದ. ತುಬಚಿಯ ರೇವಪ್ಪ ಎಂಬವನು ಆ ರಾತ್ರಿ ಕದ್ದು ಹಿಡಿದ ಕ್ಯಾಸೆಟ್ ಅವನ ಮನೆಯ ಟ್ರಂಕಿನಲ್ಲಿ ಸಿಕ್ಕಿತ್ತು. ತನ್ನ ಸುಳ್ಳು ಬಯಲಾಗುತ್ತದೆಂದು ಕಾಮಣ್ಣ ಹೆದರಿದ. ಆಗೆಲ್ಲ ಬೇರೆ ಯಾರೂ ಹಾಡು ಹಿಡಿಯಬಾರದೆಂದು, ಶುರುವಾಗುವ ಮೊದಲು ಅವನು ಕೈಚೀಲ ಹಿಡಿದು ಜನರ ನಡುವೆ ಓಡಾಡಿ, ಟೇಪ್‌ರೆಕಾರ್ಡರ್ ತಂದವರಿಂದ ಅದರ ಸೆಲ್ಲುಗಳನ್ನು ಬಿಚ್ಚಿಸಿಕೊಳ್ಳುತ್ತಿದ್ದ. ಬೆಳಗಾದ ಮೇಲೆ ಎಣಿಸಿ ಅವರವರ ಸೆಲ್ಲು ಅವರವರಿಗೆ. ರೇವಪ್ಪ ಮಾತ್ರ ಕಂಬಳಿ ಹೊದ್ದು, ಅದರೊಳಗೆ ರೆಕಾರ್ಡರ್ ಇಟ್ಟುಕೊಂಡು, ಚಳಿಜ್ವರ ಬಂದವನಂತೆ ಕೂತಿದ್ದನಂತೆ.

ಸಿಕ್ಕಿತಲ್ಲ ಎಂದು ಕಾಮಣ್ಣನಿಗೆ ಸಮಾಧಾನವೂ ಆಯಿತು. ಅವಳ ನುಡಿ ಅವಳಿಗೆ ಸಿಗಲಿ, ತನ್ನ ತಪ್ಪು ಯಾರಿಗೂ ತಿಳಿಯದೆ ತಾನಾಗಿ ತೊಳೆದುಹೋಗಲಿ ಎಂದು ಬೀರದೇವರಿಗೆ ಕೈಮುಗಿದ. ಇಂಥ ಮೊರೆಯನ್ನು ಯಾವ ದೇವರು ಕಿವಿಗೆ ಹಾಕಿಕೊಂಡಾನು?

ಸಂಜೆ ಪಾಯಪ್ಪ ಅದನ್ನು ಬಳಗಕ್ಕೆ ಹಾಕಿದ. ಕಾಮಣ್ಣ ಅಂಗಡಿಯ ಅರ್ಧ ಬಾಗಿಲು ಇಳಿಸಿ, ಫೋನು ಕಿವಿಗೊತ್ತಿ ಕೇಳಿದ. ಕಂಬಳಿಯೊಳಗಿಂದ ಬಂದ ದನಿ ಬಾವಿಯಲ್ಲಿ ಆಡಿದಂತಿತ್ತು. ಕಡೆಯ ನುಡಿ ಬಂತು. "ಸಾವಳಗಿ ಊರಾಗ" ಕೇಳಿಸಿತು, "ನೆಳ್ಳಾಗ" ಕೇಳಿಸಿತು. ಆಮೇಲೆ ಹೋ ಎಂಬ ಕೂಗು. ಕೂಗು ತಣ್ಣಗಾಗುವ ಹೊತ್ತಿಗೆ "ಈ ಪದವ" ಎಂಬುದಷ್ಟೇ ಉಳಿದಿತ್ತು. ಕಾಮಣ್ಣ ಹನ್ನೆರಡು ಸಲ ಕೇಳಿದ. ಯಾವ ಕಂಪ್ಯೂಟರಿನಲ್ಲಿ ಸ್ವಚ್ಛ ಮಾಡಿದರೂ ಆ ಕೂಗಿನಡಿಯಿಂದ ಹೆಸರು ಏಳಲಾರದು ಎಂದು ಅವನ ಕಿವಿಗೆ ಮೊದಲ ಸಲವೇ ತಿಳಿದಿತ್ತು.

ಸ್ವಲ್ಪ ಹೊತ್ತಿಗೆ ಪಾಯಪ್ಪ ಕೇಳಿದ. ಅವನ ದನಿಯಲ್ಲಿ ಕೊಂಕು ಇರಲಿಲ್ಲ, ಬರೀ ಹುಚ್ಚನ ಕುತೂಹಲ.

"ಕಾಕಾ, ಟೇಪ್ ಮುಗ್ಯಾಕ ಬಂದ್ರ ನೀವು 'ತಡೀರಿ, ಮಗಚತೇನಿ' ಅಂತ ಕೂಗಿ ಮ್ಯಾಳಾನ ನಿಲ್ಲಸತಿದ್ರಿ. ನಿಮ್ಮ ಎಲ್ಲಾ ಕ್ಯಾಸೆಟ್ಟಿನ್ಯಾಗೂ ಆ ಕೂಗ ಐತಿ. ರೇವಪ್ಪನ ಟೇಪಿನ್ಯಾಗ ಕಡೀ ನುಡಿಗಿಂತ ಹತ್ತ ನಿಮಿಷ ಮೊದಲ ಒಮ್ಮೆ ಕೂಗೀರಿ. ಅಂದಮ್ಯಾಲ ಕಡೀ ನುಡಿಗೆ ಟೇಪ್ ಹೆಂಗ ಮುಗೀತು?"

ಮರುದಿನ ಮುಂಜಾನೆ ಕಾಮಣ್ಣ ಸಾವಳಗಿ ಬಸ್ಸು ಹತ್ತಿದ.

ಸುಂದರವ್ವ ಪಡಸಾಲೆಯಲ್ಲಿ ಕಬ್ಬಿಣದ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಕೊರಳಿಗೆ ತೆಳ್ಳನೆಯ ಬಿಳಿ ಬಟ್ಟೆ. ಅದರ ಹಿಂದಿನ ರಂಧ್ರದಲ್ಲಿ ಉಸಿರು ಸುಯ್ ಎನ್ನುತ್ತಿತ್ತು. ಮಡಿಲಲ್ಲೊಂದು ಪಾಟಿ. ಬರೆಯಲು, ವೈಶಾಲಿ ಹೊಲಿಗೆಯ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ. ಕಾಮಣ್ಣನನ್ನು ಕಂಡು ಅವಳ ಮುಖ ಅರಳಿತು. ಕೂಡ್ರಲು ಕೈಮಾಡಿ, ಚಹಾ ಮಾಡುವಂತೆ ಮಗಳಿಗೆ ಸನ್ನೆ ಮಾಡಿದಳು. ಆ ಮುಖ ನೋಡಿ, ಬಂದ ದಾರಿಯಲ್ಲೇ ಎದ್ದು ಹೋಗಬೇಕೆನ್ನಿಸಿತು ಅವನಿಗೆ.

ಚಹಾ ಬರುವ ಮೊದಲೇ ಹೇಳಿದ.

"ಸುಂದರವ್ವಾ, ಅವತ್ತ ಟೇಪ್ ಮುಗದಿರಲಿಲ್ಲ. ಗಿರಿಮಲ್ಲಪ್ಪ ಅಂದಾ, ನಾ ಅಳಿಸಿದ್ನಿ. ಮೂಲದಾಗೂ ಇಲ್ಲ. ಎಲ್ಲಿ ಹುಡುಕಿದ್ರೂ ಸಿಗಾಂಗಿಲ್ಲ."

ಅವಳು ಸಿಟ್ಟಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಪಾಟಿ ಎಳೆದುಕೊಂಡು, ಒತ್ತಕ್ಷರ ತಪ್ಪಿಸುತ್ತ, ಸಾವಕಾಶ ಬರೆದು ಅವನ ಕಡೆ ತಿರುಗಿಸಿದಳು. 'ನಿನ ಸಲವಾಗಿ ಗಂಡನ ಕೂಡ ಜಗಳಾಡಿದ್ನಿ.' ಆಮೇಲೆ ವೈಶಾಲಿ ಬಿಡಿಸಿ ಹೇಳಿದಳು. ಕಾಮಣ್ಣ ಬೇಕಂತಲೇ ಕತ್ತರಿಸಿದ್ದಾನೆ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ, ಅಂಥವನಲ್ಲ ಅವನು ಎಂದು ಅವ್ವ ಪ್ರತಿ ಸಲ ವಾದಿಸುತ್ತಿದ್ದಳು.

ವೈಶಾಲಿ ಅಳಲಿಲ್ಲ, ಬೈಯಲೂ ಇಲ್ಲ. ನುಡಿ ಹೋದರೆ ಹೋಗಲಿ, ಹಾಡಿದವಳು ಸುಂದರವ್ವ ಎಂದು ಬಳಗದಲ್ಲಿ ಈಗಲೇ ಹೇಳಿಬಿಡಿ, ಪಾಯಪ್ಪನ ವಿಡಿಯೋದ ಮೇಲಾದರೂ ಹೆಸರು ಬರಲಿ, ಅವ್ವನ ಕಣ್ಣಿಗೆ ಬೀಳಲಿ ಎಂದಳು. ಕಾಮಣ್ಣ ಅಲ್ಲೇ ಕೂತು ಬಳಗಕ್ಕೆ ಧ್ವನಿಸಂದೇಶದಲ್ಲಿ ಎಲ್ಲವನ್ನೂ ಹೇಳಿದ. ಗಿರಿಮಲ್ಲಪ್ಪ ಬಂದದ್ದು, ತಾನು ಅಳಿಸಿದ್ದು, ಆ ಎರಡು ಸಾಲು, ಹಾಡಿದವಳ ಹೆಸರು. ತನ್ನ ಕಿವಿಯಾರೆ ಕೇಳಿದ್ದೇನೆ ಎಂದು ಆಣೆ ಮಾಡಿದ. ಚಹಾ ಆರಿಹೋಗಿ ಮೇಲೆ ಕೆನೆ ಕಟ್ಟಿತು.

ಅರ್ಧ ತಾಸಿನ ಮೇಲೆ ಪಾಯಪ್ಪನ ದನಿ ಬಂತು. ವೈಶಾಲಿ ತಾಯಿಗೆ ಕೇಳಲೆಂದು ದೊಡ್ಡದಾಗಿ ಹಚ್ಚಿದಳು.

"ಕಾಕಾ, ನೀವ ಮಾಡಿದ ನಿಯಮ ಐತಿ. ಬಾಯಿಮಾತ ನಡ್ಯಾಂಗಿಲ್ಲ. ಮ್ಯಾಲ, ಟೇಪ್ ಅಳಸೇನಿ, ಮೂವತ್ತೆರಡ ವರ್ಷ ಸುಳ್ಳ ಹೇಳೇನಿ ಅಂತ ನೀವ ಅಂತೀರಿ. ಇನ್ನ ನಿಮ್ಮ ಯಾವ ಮಾತ ಹಿಡೀಬೇಕು, ಯಾವ ಮಾತ ಬಿಡಬೇಕು ಹೇಳ್ರಿ. ಗಾಯಕಿಯ ಹೆಸರು ಗೊತ್ತಿಲ್ಲ ಅಂತ ಹಾಕತೇನಿ. ಬ್ಯಾರೇ ಹೆಸರ ಹಾಕೂದಕಿಂತ ಅದ ಛಲೋ."

ಅದರ ಕೆಳಗೆ ಒಬ್ಬೊಬ್ಬರಾಗಿ ಹೌದು ಹೌದು ಎಂದು ಹೆಬ್ಬೆರಳಿನ ಚಿತ್ರ ಒತ್ತತೊಡಗಿದರು. ಕಾಮಣ್ಣನ ಮಾತಿಗೆ ಹೆಬ್ಬೆರಳು ಒತ್ತಿ ರೂಢಿಯಾಗಿದ್ದ ಮಂದಿಯೇ.

ಸುಂದರವ್ವ ಪಾಟಿ ಒರೆಸಿದಳು. ಫೋನಿನ ಕಡೆ ಬೆರಳು ತೋರಿಸಿ, ಪದ ಹಚ್ಚು ಎಂದು ಸನ್ನೆ ಮಾಡಿದಳು. ವೈಶಾಲಿ ಕಾಮಣ್ಣನ ಪ್ರತಿಯನ್ನೇ ಹಚ್ಚಿದಳು. ನಾಯಿ ಎರಡು ಸಲ ಬೊಗಳಿತು. ಆಮೇಲೆ ಆ ದನಿ ಪಡಸಾಲೆಯನ್ನು ತುಂಬಿತು. ಹಾಡುವವಳಿಗೆ ಮೂವತ್ತೆರಡು ವರ್ಷ, ಕೇಳುವವಳಿಗೆ ಅರವತ್ತನಾಲ್ಕು. ಸುಂದರವ್ವ ಬೆರಳುಗಳಿಂದ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿದ್ದಳು. ಪದ ಏರಿತು, ಇಳಿಯಿತು. ಕಡೆಯ ನುಡಿ ಶುರುವಾಗಬೇಕಾದ ಜಾಗದಲ್ಲಿ ಕಟ್ ಎಂದಿತು. ಅದು ಕಾಮಣ್ಣನ ಗುಂಡಿಯ ಸದ್ದು.

ಅವಳ ಕೈ ನಿಲ್ಲಲಿಲ್ಲ. ಬೆರಳುಗಳು ಪಟ್ಟಿಯನ್ನು ತಟ್ಟುತ್ತಲೇ ಇದ್ದವು. ತುಟಿಗಳು ಅಲುಗತೊಡಗಿದವು. ಕೊರಳ ಬಟ್ಟೆ ಒಳಗೆ ಸೇರಿ ಹೊರಗೆ ಉಬ್ಬುತ್ತಿತ್ತು. ಸಾವಳಗಿ ಎಂದದ್ದು ಕಾಮಣ್ಣನಿಗೆ ತಿಳಿಯಿತು, ನೆಳ್ಳಾಗ ಎಂದದ್ದೂ ತಿಳಿಯಿತು. ವೈಶಾಲಿ ಅವಸರದಿಂದ ಕಾಮಣ್ಣನ ಫೋನು ಎತ್ತಿಕೊಂಡು, ಬಳಗದ ಧ್ವನಿಗುಂಡಿ ಒತ್ತಿ, ತಾಯಿಯ ಬಾಯಿಯ ಹತ್ತಿರ ಹಿಡಿದಳು. ಮುಂದಿನ ಮಾತಿಗೆ ಸುಂದರವ್ವ ಕಣ್ಣು ಮುಚ್ಚಿ, ತುಟಿಗಳನ್ನು ಬಿಡಿಬಿಡಿಸಿ, ತನ್ನ ಹೆಸರಿನ ಮೂರು ಅಕ್ಷರ ಆಡಿದಳು. ಕಾಮಣ್ಣನಿಗೆ ಅದು ಪೂರ್ತಿ ಕೇಳಿಸಿತು.

ವೈಶಾಲಿ ಬೆರಳು ತೆಗೆದಳು. ಸಂದೇಶ ಹೋಯಿತು. ಮೂವರೂ ಫೋನನ್ನೇ ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ಬೀಳಗಿಯಿಂದ ಯಾರೋ ಬರೆದರು.

'ಏನೂ ಕೇಳಸವಲ್ದು ಕಾಕಾ. ಬರೇ ತಗಡ ಬಡದಂಗ ಆಗತೈತಿ. ಇನ್ನೊಮ್ಮೆ ಕಳಸ್ರಿ.'

ಸುಂದರವ್ವನ ಕೈ ಆಗಲೇ ಮಂಚದ ಪಟ್ಟಿಯಿಂದ ಸರಿದು ಕೌದಿಯ ಮೇಲೆ ದಣಿದು ಅಂಗಾತ ಬಿದ್ದಿತ್ತು. ಬೆರಳ ತುದಿಗಳಲ್ಲಿ ಸೀಮೆಸುಣ್ಣದ ನೀಲಿ ಪುಡಿ ಮೆತ್ತಿಕೊಂಡಿತ್ತು.