ಅಳುವ ಮುಖವಿಲ್ಲದ ತರಗತಿ

ಗಾಳಿಗೆ ಗೋಡೆಯ ಮೇಲಿನ ರಟ್ಟಿನ ಮುಖಗಳೆಲ್ಲ ಒಟ್ಟಿಗೆ ಅಲುಗಿದವು, ಹಳದಿ ಮುಖಗಳು, ಎಲ್ಲವೂ ನಗುವವೇ, ಇಷ್ಟು ಮಕ್ಕಳಲ್ಲಿ ಒಂದಕ್ಕೂ ಹೊಟ್ಟೆನೋವಿಲ್ಲವೆ ಎಂದುಕೊಂಡಳು ಅಜ್ಜಿ, ಮಕ್ಕಳ ಕುರ್ಚಿಯಲ್ಲಿ ಕೂತು ಮಂಡಿ ಗದ್ದಕ್ಕೆ ತಾಗುತ್ತಿದೆ — ಮೊಮ್ಮಗಳು ಇನ್ನೂ ಶಾಲೆಯ ಕಕ್ಕಸಿನಲ್ಲಿ ಚಿಲಕ ಹಾಕಿಕೊಂಡಿದ್ದಾಳೆ, ಆಯಾ ಬಾಗಿಲು ಬಡಿಯುವುದು ಇಲ್ಲಿಗೂ ಕೇಳುತ್ತದೆ, ಬಾರೇ ನನ್ನ ಬಂಗಾರ, ನಿನ್ನಜ್ಜಿ ಬಂದಿದ್ದಾರೆ — ಹೆಡ್ ಮೇಡಂ ಮಾತ್ರ ನಿಲ್ಲಿಸಿಲ್ಲ, ನೋಡಿ ಅಜ್ಜಿ, ನಮ್ಮಲ್ಲಿ ಮಕ್ಕಳ ಮನಸ್ಸೇ ಮೊದಲು, ಬೆಳಗ್ಗೆ ಬಂದ ತಕ್ಷಣ ಮನಸ್ಸು ಹೇಗಿದ್ಯೋ ಆ ಮುಖಾನ ಅವರೇ ಸಿಕ್ಕಿಸ್ತಾರೆ, ನಿಮ್ಮ ಹುಡುಗಿ ದಿನಾ ನಗೋದನ್ನೇ ಸಿಕ್ಕಿಸ್ತಾಳೆ, ನಮಗೆ ಹೇಗೆ ಗೊತ್ತಾಗ್ಬೇಕು ಹೇಳಿ. ಹೇಗೆ ಗೊತ್ತಾಗಬೇಕಂತೆ, ಹುಡುಗಿಯ ತಾಯಿ ಸತ್ತದ್ದು ಬೀದಿಗೆಲ್ಲ ಗೊತ್ತು, ಇವರಿಗೆ ರಟ್ಟು ಬಾಯಿಬಿಟ್ಟು ಹೇಳಬೇಕು. ಸಿಕ್ಕಿಸಿತ್ತಲ್ಲ ಮಗು ಒಂದು ದಿನ ಅಳುವ ಮುಖ, ತಲೆ ಬಾಚುವಾಗ ಮೆಲ್ಲಗೆ ಹೇಳಿತು, ಅಜ್ಜೀ, ಅಳೋ ಮುಖ ಒಂದೂ ಇಲ್ಲದ ಕ್ಲಾಸಿಗೆ ತಿಂಗಳ ಕೊನೇಲಿ ಕಪ್ ಕೊಡ್ತಾರೆ, ನನ್ನಿಂದ ಕಪ್ ಹೋಗ್ತಿತ್ತು, ಅದಕ್ಕೇ ಪಕ್ಕದೋಳು ಅದನ್ನ ಕಿತ್ತು ಬಿಸಾಕಿದ್ಲು. ಟೀಚರ್ ಸುಮ್ಮನಿದ್ರೇನೇ? ಟೀಚರೇ ಅಂದ್ರು, ಜಾಣೆ ಅಲ್ವಾ ನೀನು, ಎಲ್ಲರ ಕಪ್ ಹಾಳು ಮಾಡ್ತೀಯಾ ಅಂತ. ಅಂದಿನಿಂದ ಊಟದ ಡಬ್ಬಿ ತುಂಬಿದ್ದು ತುಂಬಿದಂತೆಯೇ ಮನೆಗೆ ವಾಪಸು. ಇವಳ ತಾಯಿ ಹೀಗಿರಲಿಲ್ಲ, ಚಿಕ್ಕವಳಿದ್ದಾಗ ಅಳಲು ಕೂತರೆ ಓಣಿಯ ನಾಯಿಗಳೂ ಜಾಗ ಬಿಡುತ್ತಿದ್ದವು, ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಅಮ್ಮಾ ಹಸಿವು ಅನ್ನುತ್ತಿದ್ದಳು, ಅಳು ಇಳಿಯದೆ ಅನ್ನ ಎಲ್ಲಿಂದ ಇಳಿಯಬೇಕು. ಅಲ್ಲ ಮೇಡಮ್ಮಾ, ಅಳೋ ಮುಖಕ್ಕೆ ನೀವೇ ಶಿಕ್ಷೆ ಕೊಟ್ರೆ ಯಾವ ಮಗು ಅದನ್ನ ಮುಟ್ಟುತ್ತೆ? ಶಿಕ್ಷೆ ಎಲ್ಲಿ ಅಜ್ಜಿ, ಪ್ರೋತ್ಸಾಹ ಅದು, ನಿಮಗೆ ಅರ್ಥ ಆಗಲ್ಲ ಬಿಡಿ, ಇನ್ನೊಂದ್ಸಲ ಹೀಗೆ ಬಾಗಿಲು ಹಾಕ್ಕೊಂಡ್ರೆ ಬೇರೆ ಶಾಲೆ ನೋಡ್ಕೊಳ್ಳಿ, ಉಳಿದ ಮಕ್ಕಳು ಹೆದರ್ತಾರೆ. ಬೇರೆ ಶಾಲೆ ಎಲ್ಲಿದೆ, ಇದ್ದರೂ ಅಷ್ಟು ದೂರ ಈ ಕಾಲು ನಡೆಯಬೇಕಲ್ಲ — ಚಿಲಕ ತೆಗೆದ ಸದ್ದು, ಆಯಾಳ ಹಿಂದೆ ಮಗು ಬಂತು, ಲಂಗ ಒದ್ದೆ, ಹೆಡ್ ಮೇಡಂ ಕಡೆ ನೋಡಿತು, ಗೋಡೆಯ ಕಡೆ ನೋಡಿತು, ಆಮೇಲೆ ಎರಡು ಬೆರಳಿಂದ ತುಟಿಯ ಎರಡು ತುದಿಯನ್ನೂ ಮೇಲೆತ್ತಿ ಹಿಡಿಯಿತು. ಹಾಂ, ಈಗ ನೋಡಿ, ಎಷ್ಟು ಮುದ್ದಾಗಿ ನಗ್ತಾಳೆ, ಅಂದರು ಹೆಡ್ ಮೇಡಂ. ಲಂಗ ಬದಲಿಸಬೇಕು, ಮೊದಲು ಮನೆಗೆ ಕರೆದೊಯ್ಯಬೇಕು, ಬಿಸಿಯಾಗಿ ಏನಾದರೂ, ಬೆರಳು ಇಳಿಸೇ ಕಂದ, ಅವಳು ಇಳಿಸಲಿಲ್ಲ, ಇಷ್ಟು ಸಾಕಾ ಅಜ್ಜೀ ಅಂದಳು, ನಾಳೆ ಮತ್ತೆ ಇಲ್ಲಿಗೇ ತಂದು ಬಿಡಬೇಕು, ಬಿಡದೆ ಏನು ಮಾಡಲಿ, ಕಣ್ಣೀರು ಕೆನ್ನೆಯ ಮೇಲಿಂದ ಇಳಿದು ಬೆರಳಿಗೆ ತಾಗಿ ನಿಂತಿದೆ, ಆ ಎರಡು ಬೆರಳು, ಆ ಎರಡು ಬೆರಳು —