ಬೀಗ ಜಗ್ಗುವವನು

ಸತ್ತವನ ಅಂಗಿಗೆ ಗುಂಡಿ ಬಂದಿತ್ತು.

ಅವನು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದ. ಗೋಂದು ತರಲು ಕೆಳಗಿನ ಅಂಗಡಿಗೆ ಇಳಿಯುವಾಗ ಗೊಂಬೆ ಹೀಗಿರಲಿಲ್ಲ. ಗೇಣುದ್ದದ ಆ ಗೊಂಬೆ ಮಣ್ಣಿನಡಿಯಿಂದ ಎದ್ದು ಬಂದವನು ಹೇಗಿರಬೇಕೋ ಹಾಗಿತ್ತು: ಎಡತೋಳು ಸೀಳಿಹೋಗಿ ಜೋತಾಡುತ್ತಿತ್ತು, ಕಾಲರು ಒಂದು ಮಗ್ಗುಲಿಗೆ ಕಿತ್ತುಬಂದಿತ್ತು, ಎದೆಯ ಮೇಲೆಲ್ಲ ಕಾಫಿಪುಡಿಗೆ ಗೋಂದು ಕಲಸಿ ಮೆತ್ತಿದ ಕೆಸರು. ಈಗ ತೋಳು ಕೂಡಿಕೊಂಡಿತ್ತು; ಹೊಲಿಗೆ ಎಲ್ಲಿದೆಯೆಂದು ಹುಡುಕಬೇಕು, ಅಷ್ಟು ನಾಜೂಕು. ಕಾಲರು ತನ್ನ ಜಾಗದಲ್ಲಿ ಕೂತಿತ್ತು. ಕೆಸರನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಕತ್ತಿನ ಕೆಳಗೆ ಸಾಸಿವೆಗಿಂತ ಚೂರು ದೊಡ್ಡದಾದ ಬಿಳಿ ಗುಂಡಿ. ಅರ್ಧ ಮುಖ ಕೊಳೆತು, ಒಂದು ಕಣ್ಣು ಕೆನ್ನೆಗಿಳಿದ ಹೆಣ, ಕೆಲಸಕ್ಕೆ ಹೊರಟವನ ಹಾಗೆ ಅಚ್ಚುಕಟ್ಟಾಗಿ ತನ್ನ ಮನೆಬಾಗಿಲ ಮುಂದೆ ನಿಂತಿತ್ತು.

"ಅಮ್ಮಾ!"

ಹೊರಕೋಣೆಯಲ್ಲಿ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಅದು ರೂಢಿ. ಹಳೇ ಕಟ್ಟಡ, ಹಲಗೆಯ ನೆಲ. ಅಮ್ಮ ಪೆಡಲು ತುಳಿದರೆ ಅವನ ಮೇಜಿನ ಮೇಲಿನ ಬೀದಿ, ಮನೆ, ದೀಪದ ಕಂಬ ಎಲ್ಲ ನಡುಗುತ್ತವೆ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಬೇಕು, ಫೋಟೊ ತೆಗೆಯಬೇಕು, ಮತ್ತೆ ಸರಿಸಬೇಕು. ಹಾಗೆ ಹನ್ನೆರಡು ಫೋಟೊ ಪೋಣಿಸಿದರೆ ಪರದೆಯ ಮೇಲೆ ಒಂದು ಸೆಕೆಂಡು. ಆದ್ದರಿಂದ ಅವನು "ನಿಲ್ಸು" ಅಂದಾಗ ಅಮ್ಮ ಪೆಡಲಿನಿಂದ ಕಾಲು ತೆಗೆಯುತ್ತಿದ್ದಳು, "ಹೊಡಿ" ಅಂದಾಗ ಮತ್ತೆ ತುಳಿಯುತ್ತಿದ್ದಳು. ಚಳಿಗಾಲ ಪೂರ್ತಿ ಹೀಗೇ ನಡೆದಿತ್ತು. ಊರವರ ಪ್ಯಾಂಟುಗಳೆಲ್ಲ ಸತ್ತವನ ಹೆಜ್ಜೆಗಳ ನಡುವಿನ ಬಿಡುವಿನಲ್ಲೇ ಗಿಡ್ಡವಾಗಿದ್ದವು. ಆದರೆ ಅಮ್ಮ ಈ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಅವನು ಇಡಲು ಬಿಟ್ಟಿರಲಿಲ್ಲ.

ಅಮ್ಮ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಬಾಗಿಲಲ್ಲಿ ಬಂದು ನಿಂತಳು.

"ಇದನ್ನ ಯಾರು ಮಾಡಿದ್ದು?"

"ಇನ್ಯಾರು ಮಾಡ್ತಾರೆ? ಈ ಮನೇಲಿ ಗುಂಡಿ ಹಾಕೋಕೆ ಬರೋದು ನಂಗೊಬ್ಬಳಿಗೆ."

"ಒಳಗೆ ಯಾಕೆ ಬಂದೆ?"

"ಲೈಟ್ ಆರಿಸಿದ್ದೀಯೋ ಇಲ್ವೋ ಅಂತ ನೋಡೋಕೆ. ನೀನು ಮೆಟ್ಟಿಲಿಳಿದ ಮೇಲೆ ಮನಸ್ಸು ತಡೀಲಿಲ್ಲ. ಬಂದು ನೋಡಿದ್ರೆ ಇವರು ನಿಂತಿದ್ರು."

ಅವನಿಗೆ ಕೈಯಲ್ಲಿದ್ದ ಗೋಂದಿನ ಬಾಟಲಿ ಎಲ್ಲಿಡಬೇಕೆಂದು ತೋಚಲಿಲ್ಲ. ಕಿಟಕಿಗೆ ಹೊಡೆದ ಕಪ್ಪು ಬಟ್ಟೆಯ ಅಂಚಿನಿಂದ ಮಧ್ಯಾಹ್ನದ ಬಿಸಿಲು ಗೆರೆಯಾಗಿ ಬಿದ್ದಿತ್ತು. ಅವನು ಆ ಗೆರೆ ದಾಟಿ ಹೋದ, ಮತ್ತೆ ದಾಟಿ ಬಂದ. ಒಂದು ಕಡೆ ನಿಲ್ಲುವ ಜಾಯಮಾನವೇ ಅವನದಲ್ಲ. ಕಾಲೇಜಿನಲ್ಲಿ ನಿಲ್ಲಲಿಲ್ಲ, ಹಿಡಿದ ಎರಡು ಕೆಲಸಗಳಲ್ಲೂ ನಿಲ್ಲಲಿಲ್ಲ. ಈ ಗೊಂಬೆಯ ಮುಂದೆ ಮಾತ್ರ ಉಸಿರು ಬಿಗಿಹಿಡಿದು ತಾಸುಗಟ್ಟಲೆ ನಿಲ್ಲುತ್ತಿದ್ದ.

"ಅಮ್ಮ, ಅದು ಗೊಂಬೆ."

"ಗೊಂಬೆ ಅಂತ ನಂಗೂ ಕಾಣುತ್ತೆ ಕಣೋ. ಗೊಂಬೆ ಹಾಕ್ಕೊಂಡಿರೋ ಅಂಗಿ ಯಾರದು?"

ಅದು ಬೀರುವಿನಲ್ಲಿ ತೂಗುಹಾಕಿದ್ದ ಅಪ್ಪನ ಕೆಲಸದ ಅಂಗಿ, ನೀಲಿ ಗೆರೆಯದು. ಪ್ಯಾಂಟಿನೊಳಗೆ ಸೇರಿಹೋಗುವ ಹಿಂಭಾಗದ ತುದಿಯಿಂದ ಅಂಗೈಯಗಲ ಕತ್ತರಿಸಿಕೊಂಡಿದ್ದ.

"ನನ್ನ ಕತ್ತರೀಲೇ ಕತ್ತರಿಸಿದ್ದೀಯ," ಅಂದಳು ಅಮ್ಮ. "ಅವತ್ತೇ ಗೊತ್ತಾಯ್ತು. ಏನು ಮಾಡ್ತಾನೋ ಮಾಡ್ಲಿ, ಕೇಳಬಾರ್ದು ಅಂತ ಸುಮ್ನಿದ್ದೆ. ಆದ್ರೆ ಅಷ್ಟು ದೂರದಿಂದ ನಡ್ಕೊಂಡು ಬಂದೋರನ್ನ ಹರ್ಕಲು ಅಂಗೀಲಿ ಬೀದೀಲಿ ನಿಲ್ಲಿಸ್ತೀಯಾ? ನಾನು ಹೊಲಿಗೆಯೋಳು ಅಂತ ಇಡೀ ಬೀದಿಗೆ ಗೊತ್ತು. ನೋಡಿದೋರು ಏನಂದ್ಕೋತಾರೆ?"

ನಗಬೇಕೋ ಕೂಗಾಡಬೇಕೋ ತಿಳಿಯದೆ ಅವನು ಕೂಗಾಡಿದ. ನಾಳೆ ಸಂಜೆಯೊಳಗೆ ಚಿತ್ರ ಉತ್ಸವದವರಿಗೆ ತಲುಪದಿದ್ದರೆ ಒಂದು ಚಳಿಗಾಲ ಗುಂಡಿಗೆ ಬಿತ್ತು ಎಂದ. ಬೀದಿಯ ತುದಿಯಿಂದ ಬಾಗಿಲವರೆಗೆ ನಡೆಸಿಕೊಂಡು ಬರಲು ಒಂದು ವಾರ ಹಿಡಿದಿದೆ, ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಹೆಣಕ್ಕೆ ಇಸ್ತ್ರಿ ಮಾಡಿದ ಹಾಗಾಗಿದೆ, ಜನ ಏನಂತಾರೆ ಎಂದ. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ, ಗಿರಾಕಿಯ ದೂರು ಕೇಳುವ ಮುಖದಲ್ಲಿ ಕೇಳಿಸಿಕೊಂಡಳು.

"ಬಿಚ್ಚು ಅಂತೀಯಾ?"

"ಹೂಂ. ಮೊದಲು ಹೇಗಿತ್ತೋ ಹಾಗೇ."

"ಬಿಚ್ಚಲ್ಲ," ಅಂದು ಹೊರಕೋಣೆಗೆ ಹೋದಳು. ಯಂತ್ರದ ಸದ್ದು ಮಾತ್ರ ಬರಲಿಲ್ಲ.

ಫೋನು ಅದುರಿತು. ಸೌಂಡಿನವನು. ಚಿತ್ರಕ್ಕೆ ಸದ್ದು ಕೂಡಿಸಬೇಕಾದ ಗೆಳೆಯ. ಮೂಳೆ ಮುರಿಯುವ ಸದ್ದಿಗಾಗಿ ಎರಡು ದಿನದಿಂದ ಮೈಕಿನ ಮುಂದೆ ಕ್ಯಾರೆಟ್ ಕಡಿಯುತ್ತಿದ್ದ.

"ಏನಪ್ಪಾ, ನಿನ್ನ ಹೆಣ ಇನ್ನೂ ಬಾಗಿಲಲ್ಲೇ ನಿಂತಿದ್ಯಾ?"

"ಒಂದು ತೊಂದ್ರೆ ಆಗಿದೆ."

"ಕರೆಂಟ್ ಹೋಯ್ತಾ?"

"ಹೆಣಕ್ಕೆ ಗುಂಡಿ ಹಾಕಿದ್ದಾರೆ."

ಆ ಕಡೆ ಕ್ಯಾರೆಟ್ ಅಗಿಯುವುದು ನಿಂತಿತು. "ಯಾರು?"

"ಅಮ್ಮ."

"ಓ. ಅಂದ್ರೆ ಅಮ್ಮ ನೋಡಿದ್ರು." ಕ್ಯಾರೆಟ್ ಕೆಳಗಿಟ್ಟ ಸದ್ದಾಯಿತು. "ಆಮೇಲೆ ಫೋನ್ ಮಾಡು," ಎಂದು ಇಟ್ಟುಬಿಟ್ಟ.

ಇದೇ ಆಗಬಾರದೆಂದು ಅವನು ಕೋಣೆಗೆ ಚಿಲಕ ಹಾಕಿಕೊಂಡು ಕೆಲಸ ಮಾಡಿದ್ದು. ಅಕ್ಕ ಹೋದ ವಾರ ಬಂದಿದ್ದವಳು ಅವನ ಫೋನಿನಲ್ಲಿ ಒಂದು ತುಣುಕು ನೋಡಿ, "ಇದು ಅಪ್ಪ," ಅಂದಿದ್ದಳು. ಅಪ್ಪ ಅಲ್ಲ, ಹೆಣ ಎಂದು ಇವನು. "ಹಾಗಾದ್ರೆ ಅಪ್ಪ ಈಗ ಏನು?" ಎಂದು ಅವಳು. ಆಮೇಲೆ ಚಪ್ಪಲಿ ಮೆಟ್ಟುತ್ತ, "ಥಿಯೇಟರ್ ತುಂಬ ಜನ ಅಪ್ಪನ್ನ ನೋಡಿ ನಗ್ತಾರೆ. ಅಮ್ಮ ಅಲ್ಲಿ ಕೂತು ಅದನ್ನ ನೋಡ್ಬೇಕು. ಅಷ್ಟು ಯೋಚ್ನೆ ಮಾಡಿದ್ದೀಯಾ ನೀನು?" ಎಂದು ಕೇಳಿ ಹೋದವಳು ಇವತ್ತಿನವರೆಗೆ ಫೋನೆತ್ತಿರಲಿಲ್ಲ. ಅವನು ಯೋಚಿಸಿದ್ದ. ಯೋಚಿಸಿದಷ್ಟೂ ಕೈ ಇನ್ನೂ ಜೋರಾಗಿ ಓಡಿತ್ತು. ಅಮ್ಮ ಬೇಡ ಅಂದರೆ ಈ ಚಿತ್ರ ಹೊರಗೆ ಹೋಗುವುದಿಲ್ಲ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಬೇಡ ಅನ್ನುವ ಅವಕಾಶವನ್ನೇ ಕೊಡದೆ ಮುಗಿಸಿಬಿಡೋಣವೆಂದುಕೊಂಡಿದ್ದ.

ಅವನು ಸಣ್ಣ ಕತ್ತರಿ ಹಿಡಿದು ಮೇಜಿನ ಮೇಲೆ ಬಗ್ಗಿದ. ತಾನೇ ಹರಿದರಾಯಿತು. ಹೊಸ ಹೊಲಿಗೆಗೆ ಕತ್ತರಿಯ ಮೊನೆ ತಾಗಿಸಿದ.

"ಹಾಗೆ ಕತ್ತರಿಸಿದ್ರೆ ಬಟ್ಟೆ ಎಳೆಎಳೆಯಾಗಿ ಬಿಟ್ಕೊಳ್ಳುತ್ತೆ," ಎಂದಿತು ಹಿಂದಿನಿಂದ ದನಿ. ಅಮ್ಮ ಯಾವಾಗ ಬಂದಳೋ. ಹಲಗೆ ಕೂಡ ಕಿರುಗುಟ್ಟಿರಲಿಲ್ಲ. "ಮೊದ್ಲು ನಂಗೆ ತೋರಿಸು. ಏನು ಮಾಡಿಟ್ಟಿದ್ದೀಯ ಅಂತ ನೋಡಿ ಆಮೇಲೆ ಹೇಳ್ತೀನಿ."

ಅವನು ಕಂಪ್ಯೂಟರಿನ ಮುಂದೆ ಸ್ಟೂಲು ಎಳೆದ. ಅಮ್ಮ ಕೂತಳು. ಅವನು ಕೂರಲಿಲ್ಲ.

ಪರದೆಯ ಮೇಲೆ ಒಬ್ಬ ಮಣ್ಣಿನಡಿ ಹಾಯಾಗಿ ಮಲಗಿದ್ದಾನೆ. ಥಟ್ಟನೆ ಉಳಿದ ಒಂದು ಕಣ್ಣು ಬಿಡುತ್ತಾನೆ. ಮನೆಗೆ ಬೀಗ ಹಾಕಿದೆನೋ ಇಲ್ಲವೋ? ಹೊದಿಕೆ ಸರಿಸಿದಂತೆ ಮಣ್ಣು ಸರಿಸಿ ಏಳುತ್ತಾನೆ, ಊರು ದಾಟಿ ಬರುತ್ತಾನೆ, ಬೀಗ ಜಗ್ಗುತ್ತಾನೆ. ಹಾಕಿದೆ. ನೆಮ್ಮದಿಯಿಂದ ವಾಪಸ್ಸು ಹೋಗಿ ಮಲಗಿ, ಮಣ್ಣನ್ನು ಗಲ್ಲದವರೆಗೆ ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಅನುಮಾನ. ಒಂದೊಂದು ಸಲವೂ ದಾರಿಯಲ್ಲಿ ಒಂದೊಂದು ಅಂಗ ಉದುರುತ್ತದೆ. ಕಿವಿ ಚರಂಡಿಗೆ ಬೀಳುತ್ತದೆ. ಒಂದು ನಾಯಿ, ಅವಸರವೇ ಇಲ್ಲದ ನಾಯಿ, ಹಿಂದೆ ಹಿಂದೆ ಬರುತ್ತದೆ.

ಅಮ್ಮ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ನೋಡಿದಳು. ಅಪ್ಪ ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಬಿಗಿ ಮಾಡಿದ್ದನ್ನು ಇನ್ನೊಮ್ಮೆ ಬಿಗಿ ಮಾಡದಿದ್ದರೆ ಯಾರದೋ ಜೀವ ಹೋಗುತ್ತದೆ ಎಂದು ಕಲಿತವನು. ಬಸ್ಸು ಬಂದು ನಿಂತಿದ್ದರೂ "ಒಂದ್ನಿಮಿಷ" ಎಂದು ಬೀಗ ನೋಡಲು ಮನೆಗೆ ಓಡುತ್ತಿದ್ದ. ಅವನಿಂದಾಗಿ ಮನೆಯವರು ಎಷ್ಟೋ ಸಿನಿಮಾಗಳ ಮೊದಲರ್ಧ ನೋಡಿಯೇ ಇಲ್ಲ.

"ಸತ್ತ ಮೇಲೂ ಎದ್ದು ಬಂದು ಬೀಗ ಜಗ್ತೀರ ನೀವು," ಅಂದಳು ಅಮ್ಮ, ಪರದೆ ನೋಡುತ್ತಲೇ. "ನಾನು ಅಂತಿದ್ದ ಮಾತಲ್ವೇನೋ ಇದು?"

"ಹೂಂ."

"ಅದನ್ನೇ ಸಿನಿಮಾ ಮಾಡ್ಬಿಟ್ಯಾ."

"ಹೂಂ."

"ಬಾಯಿಗೆ ಬಂದಿದ್ದು ಹೇಳ್ತಿದ್ದೆ. ಸಿಟ್ಟಲ್ಲಿ." ಅವಳು ಮೂಗಿನ ತುದಿ ಒರೆಸಿಕೊಂಡಳು. "ಕೊನೇಗೆ ಏನಾಗುತ್ತೆ?"

"ಬರೀ ದವಡೆ ಉಳಿಯುತ್ತೆ. ಅದು ಕುಪ್ಪಳಿಸ್ಕೊಂಡು ಬಂದು ಬೀಗಾನ ಕಚ್ಚಿ ಜಗ್ಗುತ್ತೆ."

"ಅಷ್ಟರಲ್ಲಿ ನಾವೆಲ್ಲಿರ್ತೀವಿ?"

"ಯಾವ ನಾವು?"

"ಮನೆಯೋರು ಕಣೋ. ಒಳಗಿರೋರು."

ಅವನು ಗೊಂಬೆಮನೆಯ ಬಾಗಿಲನ್ನು ಬೆರಳಿನಿಂದ ತಟ್ಟಿದ. "ಒಳಗೆ ಯಾರೂ ಇಲ್ಲ. ಬೀಗ ಇರೋದು ಹೊರಗೆ."

ಅಮ್ಮ ಎದ್ದು ಮೇಜಿನ ಹಿಂದಕ್ಕೆ ಹೋಗಿ ಬಗ್ಗಿ ನೋಡಿದಳು. ಬಾಗಿಲ ಹಿಂದೆ ಎರಡು ಮರದ ಪಟ್ಟಿ, ಟೇಪು, ಒಣಗಿದ ಬಣ್ಣದ ಬ್ರಶ್ಶು, ಅವನು ಕುಡಿದಿಟ್ಟ ಚಹದ ಲೋಟ. ಲೋಟವನ್ನು ಕೈಗೆತ್ತಿಕೊಂಡಳು.

"ಹಾಗಾದ್ರೆ ಬಂದು ಬಂದು ಏನನ್ನ ಕಾಯ್ತಾರೆ ಇವರು?"

ಅವನು ಬೆರಳ ತುದಿಯ ಒಣ ಗೋಂದನ್ನು ಸುಲಿಯುತ್ತ ನಿಂತ. "ಬೇಡ ಅಂದ್ರೆ ಬೇಡಮ್ಮ," ಎಂದ ಕೊನೆಗೆ. ಹೇಳಿದ ಮೇಲೆ ತಾನು ಅದನ್ನು ನಿಜವಾಗಿಯೇ ಹೇಳಿದೆ ಎಂದು ಗೊತ್ತಾಯಿತು. "ಇಲ್ಲಿಗೇ ನಿಲ್ಲಿಸ್ತೀನಿ."

ಅಮ್ಮ ಅವನ ಮಾತಿಗೆ ಕಿವಿಗೊಡದೆ ಹೊರಗೆ ಹೋದಳು. ಲೋಟ ತೊಳೆಯುವ ಸದ್ದು ಬಂತು. ಹಿಂತಿರುಗಿದಾಗ ಮೂಗಿನ ಮೇಲೆ ಕನ್ನಡಕ, ಎರಡು ಬೆರಳ ನಡುವೆ ಅರ್ಧ ಬ್ಲೇಡು.

"ಮೊದ್ಲು ಹೇಗಿತ್ತು, ತೋರಿಸು."

ಅವನು ಕೊನೆಯ ಫೋಟೊವನ್ನು ಪರದೆಯ ಮೇಲೆ ತಂದ. ಅಮ್ಮ ಅದನ್ನು ನೋಡಿದಳು, ಗೊಂಬೆಯನ್ನು ನೋಡಿದಳು. ಎಡತೋಳಿನ ಒಂದೊಂದೇ ಹೊಲಿಗೆಯ ಕೆಳಗೆ ಬ್ಲೇಡಿನ ಮೂಲೆ ತೂರಿಸಿ, ದಾರವನ್ನಷ್ಟೇ ಕೊಯ್ದು, ಉಗುರಿನಿಂದ ಎಳೆದಳು. ತೋಳು ಮೆಲ್ಲಗೆ ಬಾಯಿ ಬಿಟ್ಟಿತು. "ಇಷ್ಟು ಜೋತಾಡ್ತಿತ್ತಾ?" "ಇನ್ನೂ ಸ್ವಲ್ಪ." ಇನ್ನೆರಡು ಎಳೆ ಎಳೆದಳು. ಕಾಲರನ್ನು ಕಿತ್ತು ಮಗ್ಗುಲಿಗೆ ಮಡಿಸಿದಳು. ಕಾಫಿಪುಡಿಯನ್ನು ಅವನು ಕಲಸಿಕೊಟ್ಟರೆ, "ಇಲ್ಲೊಂದು ಕಲೆ ಇತ್ತು, ಇಲ್ಲಿ ಜಾರಿತ್ತು," ಎನ್ನುತ್ತ ಕಡ್ಡಿಯ ತುದಿಯಲ್ಲಿ ತಾನೇ ಮೆತ್ತಿದಳು. ಗುಂಡಿಯ ಹತ್ತಿರ ಬಂದಾಗ ಕೈ ನಿಂತಿತು. ಬ್ಲೇಡನ್ನು ಅವನ ಕಡೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಕಡೆಗೆ ಅವಳೇ ದಾರ ಕೊಯ್ದು, ಗುಂಡಿಯನ್ನು ಬಾಯಲ್ಲಿ, ತುಟಿಗಳ ನಡುವೆ ಇಟ್ಟುಕೊಂಡಳು, ಸೂಜಿ ಇಟ್ಟುಕೊಳ್ಳುವ ಹಾಗೆ.

ಅವನು ಹಳೆಯ ಫೋಟೊದ ಮೇಲೆ ಹೊಸದನ್ನು ಹಾಕಿ ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹರಕು ಹರಕಿನ ಮೇಲೆ ಸರಿಯಾಗಿ ಕೂತಿತು.

"ಮುಂದೇನು?" ಗುಂಡಿಯನ್ನು ಕೈಗೆ ಉಗುಳಿಕೊಂಡು ಕೇಳಿದಳು.

"ಕೈ ಕಳಚಿಕೊಳ್ಳುತ್ತೆ. ನೀನು ಹೊರಗೆ ಹೋಗಮ್ಮ."

"ಇಲ್ಲೇ ಇರ್ತೀನಿ. ಹೊರಗಿದ್ರೆ ಹೇಗೂ ಪೆಡಲ್ ತುಳಿಯೋ ಹಾಗಿಲ್ಲ."

ಅವಳು ಸ್ಟೂಲಿನ ಮೇಲೆ ಕೂತಳು. ಅವನು ಮಣಿಕಟ್ಟಿನ ಪಿನ್ನು ತೆಗೆದ. ಸರಿಸಿದ, ಒತ್ತಿದ, ಸರಿಸಿದ. ಬಿಸಿಲಿನ ಗೆರೆ ನೆಲದಿಂದ ಗೋಡೆಗೆ ಹತ್ತಿ ಮಾಸಿತು. ಅಮ್ಮ ಕಲ್ಲಿನ ಹಾಗೆ ಕೂತಿದ್ದಳು. ನಡುವೆ ಒಮ್ಮೆ, "ಎಡಗೈಲಿ ಜಗ್ಗಿಸು. ಬಲಗೈಲಿ ಚೀಲ ಇರ್ತಿತ್ತು," ಅಂದಳು. "ಈಗ ಆಗಲ್ಲಮ್ಮ," ಅಂದ. "ಆಯ್ತು ಬಿಡು."

ಕೊನೆಗೆ ಅವನು ಅಷ್ಟನ್ನೂ ಪೋಣಿಸಿ ಓಡಿಸಿದ. ಸತ್ತವನು ಬೀಗ ಜಗ್ಗಿದ, ತಲೆದೂಗಿದ, ತಿರುಗಿ ಹೊರಟ. ಕೈ ಮಾತ್ರ ಬೀಗ ಹಿಡಿದು ಅಲ್ಲೇ ಉಳಿಯಿತು. ನಾಲ್ಕು ಹೆಜ್ಜೆ ಹೋದವನು ಅಂಗೈ ಕೊಡವಿಕೊಳ್ಳಲು ಹೋಗಿ, ಒಂದು ಅಂಗೈ ಇಲ್ಲದ್ದನ್ನು ಕಂಡ. ಮೊಂಡು ತೋಳನ್ನು ಕಣ್ಣ ಹತ್ತಿರ ತಂದು ನೋಡಿದ. ಆಮೇಲೆ, ಬೀಗದಕೈ ಹುಡುಕುವವನ ಹಾಗೆ, ಜೇಬು ತಡಕತೊಡಗಿದ. ಮೇಲಿನ ಜೇಬು. ಪ್ಯಾಂಟಿನ ಜೇಬು. ಮತ್ತೆ ಮೇಲಿನ ಜೇಬು.

"ಅಯ್ಯೋ," ಅಂದಳು ಅಮ್ಮ. "ಅಯ್ಯೋ, ಇವರ..." ಅಳತೆಪಟ್ಟಿಯನ್ನು ಬಾಯಿಗೆ ಒತ್ತಿಕೊಂಡಳು, ಆದರೂ ನಗು ಭುಜದಿಂದ ಸ್ಟೂಲಿಗೆ, ಸ್ಟೂಲಿನಿಂದ ಹಲಗೆಗೆ ಇಳಿಯಿತು.

ಮುಂದಿನ ಫೋಟೊಗಾಗಿ ಅವನ ಬೆರಳು ಕ್ಯಾಮೆರಾದ ಗುಂಡಿಯ ಮೇಲಿತ್ತು. ಮೇಜಿನ ಮೇಲಿನ ಬೀದಿ ಸಣ್ಣಗೆ ನಡುಗುತ್ತಿತ್ತು. ದೀಪದ ಕಂಬ ನಡುಗುತ್ತಿತ್ತು. ಬೀಗಕ್ಕೆ ಜೋತುಬಿದ್ದಿದ್ದ ಪುಟ್ಟ ಕೈ ಅತ್ತಿತ್ತ ತೂಗುತ್ತಿತ್ತು. ಅವನು "ನಿಲ್ಸು" ಅನ್ನಲಿಲ್ಲ. ಅದು ತಾನಾಗಿ ನಿಲ್ಲಲಿ ಎಂದು, ಬೆರಳನ್ನು ಹಾಗೇ ಇಟ್ಟುಕೊಂಡು, ನಿಂತೇ ಇದ್ದ.