ಇದ್ದಿಲು ಮಾರುವವನ ಗತಿ

ಹಾಸಿಗೆಯನ್ನು ಮೂರು ಮಡಿಕೆ ಮಾಡಿ ಮೊಣಕಾಲೂರಿ ಒತ್ತುತ್ತಿದ್ದ ತೊಮೆಗೆ ಒಳಗಿನಿಂದ ಪರಪರ ಸದ್ದು ಕೇಳಿತು. ಕೈಹಾಕಿದರೆ ಉಪ್ಪು ಬಿಸ್ಕತ್ತಿನ ಖಾಲಿ ಪೊಟ್ಟಣ. ಉಪ್ಪು ಮುಟ್ಟಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಬೆಳಿಗ್ಗೆಯಷ್ಟೇ ಇದೇ ಹಾಸಿಗೆಯಿಂದ ನಾಲ್ವರ ಹೆಗಲೇರಿ ಗುಡ್ಡದ ಮೇಲಿನ ಬೌದ್ಧ ಗುಡಿಗೆ ಹೊರಟ ಮೇಷ್ಟ್ರು, ಹೋಗುತ್ತಾ ಹೋಗುತ್ತಾ ಸಿಕ್ಕಿಬಿದ್ದರಲ್ಲ ಎಂದು ಅವಳಿಗೆ ನಗು ಬಂತು. ಪೊಟ್ಟಣವನ್ನು ಕಿಮೊನೊದ ತೋಳಿನೊಳಗೆ ಸೇರಿಸಿದಳು.

"ತೊಮೆಯಕ್ಕ, ಕಾಗದ ಗೀಗದ ಏನಾದ್ರೂ ಸಿಕ್ತಾ?"

ಮೊಗಸಾಲೆಯಿಂದ ಕೇಳಿದವನು ಪತ್ರಿಕೆಯ ಸಂಪಾದಕ ಕುಸಾಕಾ. ಧಾರಾವಾಹಿಯ ಕಂತು ತಡವಾದಾಗಲೆಲ್ಲ ಪತ್ರಿಕೆಯವರು, ಎಲ್ಲರೂ ಮೇಷ್ಟ್ರೆಂದು ಕರೆಯುವ ಕಾದಂಬರಿಕಾರ ಹಿನಾಗಾ ರೊಕುರೊ ಅವರನ್ನು ತಂದು ಈ ಬಿಸಿನೀರಿನ ಬುಗ್ಗೆಯ ವಸತಿಗೃಹದಲ್ಲಿ ಕೂಡಿಹಾಕುತ್ತಿದ್ದರು. ಬರೆದು ಮುಗಿಸುವವರೆಗೆ ಬಿಡುಗಡೆಯಿಲ್ಲ. ತಡಮಾಡುವ ಲೇಖಕರಿಗೆಲ್ಲ ಅದೇ ಮದ್ದು. ಹತ್ತೊಂಬತ್ತು ವರ್ಷಗಳಿಂದ ಕುಸಾಕಾ ಈ ಬಾಗಿಲ ಹೊರಗೆ ಕಾವಲು ಕೂತಿದ್ದ. ಈ ಸಲ ಮಾತ್ರ ಮೇಷ್ಟ್ರು ಅವನ ಕಣ್ಣೆದುರೇ ತಪ್ಪಿಸಿಕೊಂಡಿದ್ದರು. ಮೇಜಿನ ಮೇಲಿದ್ದದ್ದು ಕೊನೆಯ ಕಂತಿನ ತಲೆಬರಹ, ಅದರ ಕೆಳಗೆ ಅವರ ಹೆಸರು, ಅಷ್ಟೇ.

"ದಿನಕ್ಕೆ ನಲವತ್ತು ಪತ್ರ ಬರ್ತಿವೆ. ಕತೇಲಿ ಒಸುಗಿ ಆ ಇದ್ದಿಲು ಮಾರೋನ ಜೊತೆ ಹೋಗದಿದ್ರೆ ಪತ್ರಿಕೆ ತರಿಸೋದೇ ನಿಲ್ಲಿಸ್ತೀನಿ ಅಂತ ಒಬ್ಬಾಕೆ ಬರ್ದಿದಾಳೆ. ಹೋದ್ರೆ ನಿಲ್ಲಿಸ್ತೀನಿ ಅಂತ ಅವಳ ಅತ್ತೆ ಬರ್ದಿದಾಳೆ. ಮುಂದೇನು ಅಂತ ಮೇಷ್ಟ್ರು ನಿಮಗೇನೂ ಹೇಳ್ಲಿಲ್ವಾ?"

"ಹಾಸಿಗೆ ಹಾಸೋಳಿಗೆ ಅದನ್ನೆಲ್ಲ ಯಾಕೆ ಹೇಳ್ತಾರೆ?" ಎಂದಳು ತೊಮೆ.

ಸುಳ್ಳೇನಲ್ಲ. ಮೇಷ್ಟ್ರು ಹೇಳಿರಲಿಲ್ಲ, ಕೇಳಿದ್ದರು.

*

ಮೊದಲ ಸಲ ಕೇಳಿದ್ದು ಹತ್ತೊಂಬತ್ತು ವರ್ಷದ ಹಿಂದೆ, ಗಂಡನ ಮನೆ ಯಾಕೆ ಬಿಟ್ಟು ಬಂದಿರಿ ಎಂದು. ಹಾಸಿಗೆ ಹಾಸುತ್ತಲೇ ತೊಮೆ ಹೇಳಿದಳು: ಅತ್ತೆ ಉಪ್ಪಿನಕಾಯಿಯ ಮೂಲಂಗಿಯನ್ನು ಬೆರಳಿನಿಂದ ಅಳೆದಿಟ್ಟು ಹೋಗುತ್ತಿದ್ದಳು, ಒಂದು ದಿನ ನಾನು ಇಡೀ ಮೂಲಂಗಿ ತಿಂದು ರೈಲು ಹತ್ತಿದೆ. ಮುಂದಿನ ವರ್ಷ ಆ ಮೂಲಂಗಿ ಕಾದಂಬರಿಯಾಯಿತು. ಹತ್ತು ವರ್ಷ ಯಾರೂ ಓದದ ಪುಸ್ತಕ ಬರೆದಿದ್ದ ಬಣ್ಣಗಾರರ ಮನೆಯ ಮಗ ಮೇಷ್ಟ್ರಿಗೆ ದೊಡ್ಡ ಪ್ರಶಸ್ತಿ ಬಂತು, ಆಮೇಲೆ ಸರಕಾರದ ಪದಕ.

ಅಂದಿನಿಂದ ಸಂಜೆ ಹಾಸಿಗೆ ಹಾಸುವಷ್ಟು ಹೊತ್ತು ಅವಳು ಹೇಳುವುದು, ಅವರು ಕೇಳುವುದು. ಜೊತೆಗೆ ತೊಮೆ ವಾರಕ್ಕೊಮ್ಮೆ ಅವರನ್ನು ಅಗಸರ ಕೈಗಾಡಿಯಲ್ಲಿ, ಒಗೆಯುವ ಬಟ್ಟೆಯಡಿ ಮಲಗಿಸಿ ಹಿಂಬಾಗಿಲಿನಿಂದ ಸಾಗಿಸುತ್ತಿದ್ದಳು. ಮೇಷ್ಟ್ರು ರೈಲುನಿಲ್ದಾಣದ ಎದುರು ಶ್ಯಾವಿಗೆ ಸಾರು ಹೀರುವಾಗ ಕುಸಾಕಾ ಖಾಲಿ ಕೋಣೆಯನ್ನು ಕಾಯುತ್ತಾ, ಬರೆಯಲು ಕೂತರೆ ಮೇಷ್ಟ್ರ ಉಸಿರೂ ಕೇಳಿಸದು ಎಂದು ಎಲ್ಲರಿಗೂ ಹೇಳುತ್ತಿದ್ದ.

ಈ ವಸಂತದಲ್ಲಿ ಹಿಂಬಾಗಿಲಿಗೆ ತೋಫು ತರುವ ಯಾಹೇ, ಹೆಂಡತಿ ತೀರಿಹೋದವನು, ಅವಳ ಬಟ್ಟಲಿಗೆ ತೋಫು ಜಾರಿಸುತ್ತಾ, "ನಮ್ಮನೆಗೆ ಬಂದ್ಬಿಡಿ" ಎಂದಿದ್ದ. ಸಂಜೆ ಅದನ್ನೂ ಮೇಷ್ಟ್ರಿಗೆ ಹೇಳಿದಳು. ಬೇಸಿಗೆಯ ಹೊತ್ತಿಗೆ ತೊಮೆ ಒಸುಗಿಯಾಗಿ, ತೋಫು ಇದ್ದಿಲಾಗಿ ಪತ್ರಿಕೆಯಲ್ಲಿ ಬಂತು. ತೊಮೆ ಮಾತ್ರ ತಾನು ಹೋಗದೆ ಬಟ್ಟಲನ್ನು ಅಡುಗೆಯವಳ ಕೈಲಿ ಕಳಿಸತೊಡಗಿದಳು. ಯಾಹೇ ಕೆಟ್ಟವನೆಂದಲ್ಲ. ದಿನವಿಡೀ ಊರವರ ಹಾಸಿಗೆ ಹಾಸಿದ ಮೇಲೆ ತನ್ನದೆಂಬ ಒಂದು ಚಾಪೆ, ಒಂದು ಗೂಟ, ಯಾರೂ ಹೆಸರು ಹಿಡಿದು ಕರೆಯದ ಒಂದು ಗಳಿಗೆ ಇತ್ತು. ಅದನ್ನು ಬಿಟ್ಟುಕೊಡಲು ಐವತ್ತೇಳನೆಯ ವಯಸ್ಸಿನಲ್ಲಿ ಅವಳಿಗೆ ಭಯ.

ಕೊನೆಯ ಸಂಜೆ ಮೇಷ್ಟ್ರು ಲೇಖನಿ ಕೆಳಗಿಟ್ಟಿದ್ದರು.

"ಹನ್ನೊಂದು ಹೆಂಗಸರ ಕತೆ ಮುಗಿಸಿದೀನಿ ತೊಮೆಯವ್ರೇ. ಮೂವರನ್ನ ಹೊಳೆಗೆ ತಳ್ಳಿದೆ, ಇಬ್ಬರ ತಲೆ ಬೋಳಿಸಿ ಸನ್ಯಾಸಿನಿ ಮಾಡಿದೆ, ಮಿಕ್ಕೋರನ್ನ ಕಿಟಕಿ ಹತ್ರ ಕೂರಿಸಿ ಮಂಜು ನೋಡೋಕೆ ಬಿಟ್ಟೆ. ಮಾರನೇ ದಿನ ಎದ್ದು ಅನ್ನಕ್ಕಿಡೋ ಹೆಂಗಸನ್ನ ಬರೆಯೋಕೆ ನನಗೆ ಬರಲ್ಲ. ಈ ಸಲ ನೀವೇ ಹೇಳ್ಬೇಕು."

"ಒಲ್ಲೆ ಅಂದ್ರೆ?"

"ಅದನ್ನೂ ಚೆನ್ನಾಗೇ ಬರೀತೀನಿ. ಏನೋ ಒಂದು ಹೇಳಿ."

ನಾಳೆ ಹೇಳ್ತೀನಿ ಎಂದು ಅವಳು ದಿಂಬು ತಟ್ಟಿ ಇಟ್ಟು ಬಂದಿದ್ದಳು.

*

ಗುಡಿಯಲ್ಲಿ ಮಂತ್ರ ಮುಗಿದು ಶವಪೆಟ್ಟಿಗೆಯ ಮುಚ್ಚಳ ತೆಗೆದರು. ಎಲ್ಲರೂ ಸೇವಂತಿಗೆ ಇಟ್ಟರು. ಟೋಕಿಯೊದಿಂದ ಬಂದಿದ್ದ ಹಿನಾಗಾರ ಹೆಂಡತಿ ಹೂವಿನ ನಡುವೆ ಉಪ್ಪು ಬಿಸ್ಕತ್ತಿನ ಪೊಟ್ಟಣವೊಂದನ್ನು ತುರುಕಿ, "ಇನ್ನು ತಿನ್ಲಿ ಬಿಡಿ" ಎಂದರು. ತೊಮೆ ಮೆಲ್ಲಗೆ ತೋಳಿನಿಂದ ಖಾಲಿ ಪೊಟ್ಟಣ ಹೊರತೆಗೆದು ತೋರಿಸಿದಳು. ಇಬ್ಬರೂ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದುಕೊಂಡು ಕುಸಾಕಾನೂ ಅತ್ತ.

"ಅವರ ಪುಸ್ತಕದ ಹೆಂಗಸರು ಒಬ್ಬರೂ ನನ್ನ ಹಾಗೆ ಮಾತಾಡಲ್ಲ. ಇದು ಯಾರ ಮಾತು ಅಂತ ಎಷ್ಟೋ ವರ್ಷ ಯೋಚಿಸಿದೀನಿ. ಇವತ್ತು ಗೊತ್ತಾಯ್ತು" ಎಂದ ಆಕೆ ತೊಮೆಯ ಕೈಯನ್ನು ಒಮ್ಮೆ ಅದುಮಿ ಬಿಟ್ಟರು.

ಮೆಟ್ಟಿಲ ಬಳಿ ಯಾಹೇ ನಿಂತಿದ್ದ. ಎರವಲು ತಂದ ಕಪ್ಪು ಕೋಟಿನ ತೋಳು ಮೊಣಕೈಯಿಂದ ನಾಲ್ಕೇ ಬೆರಳು ಕೆಳಗೆ. ತೋಫು ಮಾರಲು ದಿನವೂ ಊದುವ ತುತ್ತೂರಿಯನ್ನು ಇಂದು ಗೌರವಕ್ಕೆಂದು ಊದಿರಲಿಲ್ಲ.

"ಆ ಇದ್ದಿಲು ಮಾರೋನ ಗತಿ ಏನಂತೆ ತೊಮೆಯವ್ರೇ? ಮೇಷ್ಟ್ರು ಹೇಳಿ ಹೋದ್ರಾ?"

"ಅವರಿಗೂ ಗೊತ್ತಿರ್ಲಿಲ್ಲ."

"ಅವನಿಗೇನೂ ಅವಸರ ಇಲ್ಲ. ಚಳಿ ಬರೋದ್ರೊಳಗೆ ಗೊತ್ತಾದ್ರೆ ಒಳ್ಳೇದು ಅಂತ ಕೇಳ್ದೆ."

"ಕೋಟಿನ ಗುಂಡಿ ತಪ್ಪಾಗಿ ಹಾಕ್ಕೊಂಡಿದೀರಿ" ಎಂದಳು ತೊಮೆ. ಅವನು ಬಿಚ್ಚಿ, ಮತ್ತೆ ತಪ್ಪಾಗಿಯೇ ಹಾಕಿಕೊಂಡ. ಅಷ್ಟರಲ್ಲಿ ಶವದ ಗಾಡಿ ಒಂದೇ ಉಸಿರಿಗೆ ಉದ್ದಕ್ಕೆ ಕೂಗಿ ಇಳಿಜಾರಿನಲ್ಲಿ ಹೊರಟಿತು. ಎಲ್ಲರೂ ತಲೆಬಾಗಿದರು.

ಕೆಳಗಿಳಿಯುವಾಗ ಕುಸಾಕಾ ತೀರ್ಮಾನಿಸಿಬಿಟ್ಟಿದ್ದ: ತಲೆಬರಹ ಮತ್ತು ಹೆಸರು ಅಚ್ಚುಹಾಕಿ, ಪುಟವನ್ನು ಖಾಲಿ ಬಿಡುವುದು. ಮೇಷ್ಟ್ರ ಬರವಣಿಗೆಯಲ್ಲೆಲ್ಲ ಇದೇ ಶ್ರೇಷ್ಠ ಅಂತ ವಿಮರ್ಶಕರು ಬರೆಯದಿದ್ದರೆ ಕೇಳಿ ಎಂದ.

ವಸತಿಗೃಹಕ್ಕೆ ಬಂದು ತೊಮೆ ಹಿಂಬಾಗಿಲಲ್ಲಿ ಸಾವಿನ ಮೈಲಿಗೆ ಕಳೆಯಲು ಹೆಗಲಿಗೆ ಉಪ್ಪು ಚಿಮುಕಿಸಿಕೊಂಡು ಒಳಗೆ ಬಂದಳು. ತೋಫು ಬಟ್ಟಲು ಎಂದಿನಂತೆ ಅಡುಗೆಯವಳ ಗೂಟದ ಕೆಳಗಿತ್ತು. ಅದನ್ನು ತೊಳೆದಳು, ಒರೆಸಿದಳು, ಬೆಳಕಿಗೆ ಹಿಡಿದು ಇನ್ನೊಮ್ಮೆ ಒರೆಸಿದಳು. ಆಮೇಲೆ, ಬೆಳಿಗ್ಗೆ ತುತ್ತೂರಿ ಕೇಳಿದೊಡನೆ ಮೆಟ್ಟಿ ಹೊರಡಲು ಬರುವಂತೆ ಹೊಸ್ತಿಲ ಬಳಿ ತನ್ನ ಮರದ ಚಪ್ಪಲಿಗಳನ್ನು ಹೊರಮುಖವಾಗಿ ತಿರುಗಿಸಿಟ್ಟು, ಪಕ್ಕದಲ್ಲಿ ಬಟ್ಟಲನ್ನು ಬೋರಲು ಹಾಕಿದಳು.